ಸ್ಟೆಮ್ ಸೆಲ್ ಚಿಕಿತ್ಸೆಗೆ ದುಡ್ಡು ಕಟ್ಟುವ ಮೊದಲು

ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ನಾಲ್ಕು ವರ್ಷವಾಯಿತು. ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಇದೇನು ಅಪರೂಪದ ಸುದ್ದಿಯಲ್ಲ. ಮರ ಹತ್ತುವ ಕೊನೆಗಾರರು ಸಿಗುವುದಿಲ್ಲ, ಕೊಳೆರೋಗದ ಔಷಧಿ ಹೊಡೆಯುವುದು ತಡವಾದರೆ ಕಾಯಿ ಉದುರುತ್ತದೆ, ಕೊನೆಗೆ ತೋಟದ ಯಜಮಾನನೇ ಮರ ಹತ್ತುತ್ತಾನೆ. ಆಗಸ್ಟ್ ತಿಂಗಳು, ಪಾಚಿ ಕಟ್ಟಿದ ಮರ. ಬೆನ್ನಿನ ಟಿ-12 ಮೂಳೆ ಪುಡಿಯಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಎರಡನೇ ದಿನ ಆಪರೇಷನ್ ಮಾಡಿ ರಾಡು, ಸ್ಕ್ರೂ ಹಾಕಿದರು. ಎಂಟು ತಿಂಗಳಾದ ಮೇಲೆ ನಾವು ಒಂದು ದೊಡ್ಡ ಊರಿನ ಕ್ಲಿನಿಕ್ಕಿಗೆ ಹೋಗಿ 'ಮೂರು ಸಿಟ್ಟಿಂಗ್‌ನ ಸ್ಟೆಮ್ ಸೆಲ್ ಪ್ಯಾಕೇಜ್'ಗೆ 4 ಲಕ್ಷ 80 ಸಾವಿರಕ್ಕೆ ಒಪ್ಪಿಕೊಂಡೆವು. ಸ್ಟೆಮ್ ಸೆಲ್ ಎಂದರೆ ಬೇರೆ ಬೇರೆ ಜಾತಿಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ; ಅದನ್ನು ಹಾಕಿ ಬೆನ್ನುಹುರಿ ಸರಿಮಾಡುತ್ತೇವೆ ಎನ್ನುವುದು ಅವರ ಮಾತು. ಎರಡು ಸಿಟ್ಟಿಂಗ್ ಆಯಿತು. ಮೂರನೆಯದಕ್ಕೆ ನಾನು ಕಳಿಸಲಿಲ್ಲ.

ನಾನು ಡಾಕ್ಟರಲ್ಲ, ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಬಿಲ್ಲು, ವೋಚರು ಓದುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಸೊಸೈಟಿಗೆ ಬಂದ ನಾನೂರು ರೂಪಾಯಿ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡುವವಳು ತಮ್ಮನ ವಿಷಯದಲ್ಲಿ ಕಣ್ಣುಮುಚ್ಚಿ ಸಹಿ ಹಾಕಿದೆ. ಆಮೇಲೆ ಓದಿದೆ, ಕೇಳಿದೆ, ನಾಲ್ಕಾರು ಡಾಕ್ಟರ ತಲೆ ತಿಂದೆ. ಈಗ ಯಾರ ಮನೆಯಲ್ಲಿ ಹೀಗಾದರೂ ಫೋನು ನನಗೇ ಬರುತ್ತದೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಚಾರ್ಟ್ ಮಾಡಿಸಿ

ಕ್ಲಿನಿಕ್ಕಿಗೆ ಫೋನು ಮಾಡುವ ಮುಂಚೆಯೇ ಆಗಬೇಕಾದ ಕೆಲಸ ಇದು. ಬೆನ್ನುಹುರಿಗೆ ಪೆಟ್ಟಾದವರಿಗೆ 'ಏಶಿಯಾ' ಅಂತ ಒಂದು ಪರೀಕ್ಷೆ ಇದೆ. ಏಷ್ಯಾ ಖಂಡಕ್ಕೂ ಇದಕ್ಕೂ ಸಂಬಂಧವಿಲ್ಲ, ಅಮೆರಿಕದ ಬೆನ್ನುಹುರಿ ಸಂಘದ ಹೆಸರಿನ ಮೊದಲಕ್ಷರಗಳು ಅವು. ಯಂತ್ರ ಬೇಡ, ಸ್ಕ್ಯಾನ್ ಬೇಡ. ಒಂದು ಎಳೆ ಹತ್ತಿ, ಒಂದು ಪಿನ್ನು, ಒಬ್ಬ ತಾಳ್ಮೆಯ ಡಾಕ್ಟರು ಅಥವಾ ಫಿಸಿಯೋ ಸಾಕು. ಮೈಯ ಒಂದೊಂದು ಬದಿಯಲ್ಲಿ 28 ಜಾಗ ಮುಟ್ಟಿ, ಚುಚ್ಚಿ, 'ಗೊತ್ತಾಗುತ್ತಾ? ಕೆನ್ನೆಗೆ ಮುಟ್ಟಿದ ಹಾಗೇ ಇದೆಯಾ?' ಎಂದು ಕೇಳಿ ಸೊನ್ನೆಯಿಂದ ಎರಡರವರೆಗೆ ಅಂಕ ಹಾಕುತ್ತಾರೆ. ಆಮೇಲೆ ಒಂದೊಂದು ಬದಿಗೆ ಹತ್ತು ಸ್ನಾಯು, ಕೈಯಲ್ಲಿ ಐದು, ಕಾಲಲ್ಲಿ ಐದು. ಒಂದೊಂದಕ್ಕೂ ಸೊನ್ನೆಯಿಂದ ಐದು. ಒಟ್ಟು 100. ಕೊನೆಗೆ ಗುದದ್ವಾರದ ಪರೀಕ್ಷೆ. ನಾಚಿಕೆ ಎಂದು ಅದನ್ನು ಬಿಟ್ಟರೆ ಇಡೀ ಚಾರ್ಟು ದಂಡ. ಯಾಕೆಂದರೆ ಬೆನ್ನುಹುರಿಯ ತುಟ್ಟತುದಿಯ ನರಗಳು ಅಲ್ಲಿವೆ. ಅಲ್ಲಿ ಸ್ಪರ್ಶವೂ ಇಲ್ಲ, ಬಿಗಿಯುವುದೂ ಇಲ್ಲ ಎಂದರೆ 'ಎ' ದರ್ಜೆ, ಅಂದರೆ ಪೂರ್ಣ ಪೆಟ್ಟು. ಸ್ಪರ್ಶ ಮಾತ್ರ ಉಳಿದಿದ್ದರೆ 'ಬಿ', ಸ್ವಲ್ಪ ಚಲನೆ ಇದ್ದರೆ 'ಸಿ', ಅರ್ಧಕ್ಕರ್ಧ ಸ್ನಾಯುಗಳಲ್ಲಾದರೂ ಒಳ್ಳೆಯ ಬಲವಿದ್ದರೆ 'ಡಿ', ಎಲ್ಲ ಸರಿಯಿದ್ದರೆ 'ಇ'.

ಇಷ್ಟು ವಿವರ ಯಾಕೆಂದರೆ, ನಮ್ಮ ಮನೆಯಲ್ಲಿ ಆದದ್ದು ಕೇಳಿ. ಆಪರೇಷನ್ ಆಗಿ ಮೊದಲ ಬಾರಿ ನೋಡಿದಾಗ ತಮ್ಮನ ಕೈಗಳಿಗೆ 50ಕ್ಕೆ 50, ಕಾಲುಗಳಿಗೆ 50ಕ್ಕೆ 0. ಆಮೇಲೆ ವೆಲ್ಲೂರಿನಲ್ಲಿ ಮೂರು ತಿಂಗಳು ರಿಹ್ಯಾಬ್, ಅಂದರೆ ಪುನರ್ವಸತಿ ತರಬೇತಿ ಆಯಿತು. ಅಲ್ಲಿಂದ ಹೊರಡುವಾಗ ಕಾಲುಗಳಿಗೆ 4 ಅಂಕ ಬಂದಿತ್ತು. ತೊಡೆ ಎತ್ತುವ ಸ್ನಾಯು ಎರಡೂ ಬದಿ ತುಸು ಅಲುಗಾಡುತ್ತಿತ್ತು, ಹಾಸಿಗೆಯ ಮೇಲೆ ಜಾರಿಸಿದ ಹಾಗೆ. ಎರಡು ತಿಂಗಳ ಮೇಲೆ ಕ್ಲಿನಿಕ್ಕಿನ ಮೊದಲ ಸಿಟ್ಟಿಂಗ್. ಮೂರನೇ ವಾರ ಅವರ ಫಿಸಿಯೋ ತಮ್ಮನ ತೊಡೆ ಅಲುಗಾಡುವುದನ್ನು ವಿಡಿಯೋ ಮಾಡಿಕೊಂಡು, "ನೋಡಿ ಮೇಡಂ, ಸೆಲ್ಸ್ ಕೆಲಸ ಶುರು ಮಾಡಿವೆ" ಅಂದರು. ಅಮ್ಮ ಅಲ್ಲೇ ಕೈ ಮುಗಿದರು. ನನಗೂ ಗಂಟಲು ಕಟ್ಟಿತು. ರಾತ್ರಿ ಲಾಡ್ಜಿನಲ್ಲಿ ಫೈಲು ತೆಗೆದರೆ ವೆಲ್ಲೂರಿನ ಚಾರ್ಟಿನಲ್ಲಿ ಅದೇ ಸ್ನಾಯು, ಅದೇ ಎರಡೆರಡು ಅಂಕ, ತಾರೀಖಿನ ಸಮೇತ. ಎರಡನೇ ಸಿಟ್ಟಿಂಗ್ ಆಗಿ ಮೂರು ತಿಂಗಳಿಗೆ ಬೇರೆ ಡಾಕ್ಟರ ಹತ್ತಿರ ಮತ್ತೆ ಮಾಡಿಸಿದೆವು. ಆಗಲೂ 4.

ಬೆನ್ನುಹುರಿಯ ಪೆಟ್ಟಿನಲ್ಲಿ ತಾನಾಗಿ ಬರುವ ಚೇತರಿಕೆಯ ಹೆಚ್ಚಿನ ಪಾಲು ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ. ಕ್ಲಿನಿಕ್ಕುಗಳು ಕರೆಯುವುದೂ ಸುಮಾರಾಗಿ ಅದೇ ಸಮಯಕ್ಕೆ. ಹಾಗಾಗಿ ಚಾರ್ಟನ್ನು ಮೊದಲೂ ಮಾಡಿಸಿ, ನಂತರವೂ ಮಾಡಿಸಿ. ಎರಡು ಸಲವೂ ದುಡ್ಡು ತೆಗೆದುಕೊಳ್ಳುವವರ ಕೈಯಲ್ಲಿ ಬೇಡ.

ಯಾವ ಕೋಶ, ಎಲ್ಲಿಂದ ತಂದು ಎಲ್ಲಿಗೆ ಹಾಕುತ್ತಾರೆ

'ಸ್ಟೆಮ್ ಸೆಲ್' ಎನ್ನುವುದು 'ಗೊಬ್ಬರ' ಅಂದ ಹಾಗೆ. ಸಗಣಿಯೂ ಗೊಬ್ಬರ, ಯೂರಿಯಾವೂ ಗೊಬ್ಬರ. ಕ್ಲಿನಿಕ್ಕಿನ ಕೌನ್ಸಿಲರ್ ಮಾತು ಶುರು ಮಾಡಿದ ಕೂಡಲೇ ತಡೆದು ಕೇಳಿ: ಯಾವುದು?

ನಮ್ಮಲ್ಲಿ ದುಡ್ಡಿಗೆ ಕೊಡುವುದು ಸಾಮಾನ್ಯವಾಗಿ ರೋಗಿಯ ಸೊಂಟದ ಮೂಳೆಯಿಂದ ಎಳೆದ ಅಸ್ಥಿಮಜ್ಜೆ, ಇಲ್ಲವೇ ಹೊಟ್ಟೆಯ ಕೊಬ್ಬು, ಇಲ್ಲವೇ ಯಾರದೋ ಮಗುವಿನ ಹೊಕ್ಕುಳಬಳ್ಳಿಯಿಂದ ಬೆಳೆಸಿದ ಕೋಶ. ತಮ್ಮನಿಗೆ ಮಾಡಿದ್ದು ಮೊದಲನೆಯದು. ಬೆಳಗ್ಗೆ ಸೊಂಟದ ಹಿಂದಿನ ಮೂಳೆಗೆ ದಪ್ಪ ಸೂಜಿ ಹಾಕಿ ದೊಡ್ಡ ಸಿರಿಂಜಿನಲ್ಲಿ ಕಡುಗೆಂಪು ಮಜ್ಜೆ ತೆಗೆದರು. ಅದನ್ನು ಯಂತ್ರದಲ್ಲಿ ತಿರುಗಿಸಿ ಮಧ್ಯಾಹ್ನ ಬೆನ್ನಿಗೆ ಚುಚ್ಚಿದರು, ಸಿಸೇರಿಯನ್‌ಗೆ ಅರಿವಳಿಕೆ ಕೊಡುವ ಜಾಗದಲ್ಲೇ. ಮೂರು ದಿನ ತಲೆ ಎತ್ತಲಾಗದ ನೋವು. ವರದಿಯಲ್ಲಿ ಕೋಟಿಗಟ್ಟಲೆ 'ಮಾನೋನ್ಯೂಕ್ಲಿಯರ್ ಸೆಲ್ಸ್' ಎಂದು ಬರೆದಿತ್ತು. ಕೋಟಿ ನೋಡಿ ನಾವು ಬೆರಗಾದೆವು. ಮಜ್ಜೆಯ ಅಂಥ ಕೋಶಗಳಲ್ಲಿ ಇವರು ಹೇಳುವ ಜಾತಿಯ ಸ್ಟೆಮ್ ಸೆಲ್ ಇರುವುದು ಹತ್ತು ಸಾವಿರಕ್ಕೋ ಲಕ್ಷಕ್ಕೋ ಒಂದು ಎಂದು ಆಮೇಲೆ ತಿಳಿಯಿತು. ಉಳಿದದ್ದು ರಕ್ತದ ಮಾಮೂಲು ಕೋಶಗಳೇ.

ಕೈನರಕ್ಕೆ ಡ್ರಿಪ್ ಹಾಕಿ ಕೊಡುತ್ತೇವೆ ಎಂದರೆ ಇನ್ನೊಂದು ಪ್ರಶ್ನೆ ಕೇಳಿ. ರಕ್ತಕ್ಕೆ ಬಿಟ್ಟ ಈ ಕೋಶಗಳಲ್ಲಿ ಹೆಚ್ಚಿನವು ಮೊದಲ ಸುತ್ತಿನಲ್ಲೇ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತವೆ. ಬೆನ್ನಿಗೆ ತಲುಪುವುದು ಎಷ್ಟು?

ತಲುಪಿದವೂ ನರಕೋಶವಾಗುವುದಿಲ್ಲ. ಮಜ್ಜೆ, ಕೊಬ್ಬಿನ ಕೋಶಗಳು ಕೆಲವು ದಿನ ಅಥವಾ ವಾರ ಬದುಕಿ, ಉರಿಯೂತ ತಗ್ಗಿಸುವ ಕೆಲವು ರಸ ಬಿಟ್ಟು ಸಾಯುತ್ತವೆ. ಆ ರಸದಿಂದ ಉಪಯೋಗ ಇರಬಹುದೇ ಎಂಬುದೇ ಸಂಶೋಧನೆಯ ವಿಷಯ. ನಮಗೆ ತೋರಿಸಿದ ಬಣ್ಣದ ಚಿತ್ರದಲ್ಲಿ ಮಾತ್ರ ತುಂಡಾದ ಬೆನ್ನುಹುರಿಯ ನಡುವೆ ಗುಂಡು ಗುಂಡು ಕೋಶಗಳು ಕೂತು ಸೇತುವೆ ಕಟ್ಟಿದ್ದವು.

ತಮ್ಮ ಒಮ್ಮೆ ನರದ ಡಾಕ್ಟರನ್ನೇ ಕೇಳಿದ: "ಬೋರಿನ ಕೇಬಲ್ ತುಂಡಾದ್ರೆ ನಾವೇ ಜಾಯಿಂಟ್ ಹಾಕ್ತೀವಲ್ಲ ಸಾರ್, ಇದಕ್ಕೆ ಯಾಕೆ ಆಗದಿಲ್ಲ?" ಡಾಕ್ಟರು ನಗಲಿಲ್ಲ. ಕೇಬಲ್ಲಿನಲ್ಲಿ ಮೂರು ತಂತಿ, ಬಣ್ಣ ನೋಡಿ ಸೇರಿಸುತ್ತೀರಿ. ಇಲ್ಲಿ ಲಕ್ಷಾಂತರ ಎಳೆ, ಒಂದಕ್ಕೂ ಬಣ್ಣವಿಲ್ಲ. ತುಂಡಾದ ಎಳೆ ತಾನೇ ಬೆಳೆದು ತನ್ನ ಜೊತೆಗಾರನನ್ನು ಹುಡುಕಿಕೊಳ್ಳಬೇಕು. ಪೆಟ್ಟಾದ ಜಾಗದಲ್ಲಿ ಗಾಯದ ಗಂಟು ಕಟ್ಟಿರುತ್ತದೆ. ನರದ ಹೊದಿಕೆಯಲ್ಲೇ 'ಬೆಳೆಯಬೇಡ' ಎನ್ನುವ ರಾಸಾಯನಿಕಗಳಿವೆ. ಕೈಬೆರಳಿನ ನರ ಕಡಿದರೆ ನಿಧಾನಕ್ಕಾದರೂ ಬೆಳೆಯುತ್ತದೆ, ಮೆದುಳು ಮತ್ತು ಬೆನ್ನುಹುರಿಯಲ್ಲಿ ಬೆಳೆಯುವುದಿಲ್ಲ. ಪಾರ್ಕಿನ್ಸನ್ಸ್ ರೋಗದಲ್ಲಿ ಸ್ಟೆಮ್ ಸೆಲ್ ಸಂಶೋಧನೆ ಇದಕ್ಕಿಂತ ಮುಂದೆ ಹೋಗಿದೆ, ಯಾಕೆಂದರೆ ಅಲ್ಲಿ ಮುಖ್ಯವಾಗಿ ಕಳೆದುಹೋಗುವುದು ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಒಂದೇ ಜಾತಿಯ ಕೋಶ. ಕ್ಯೋಟೋದಲ್ಲಿ ಏಳು ಜನರಿಗೆ, ಅಮೆರಿಕ-ಕೆನಡಾದಲ್ಲಿ ಹನ್ನೆರಡು ಜನರಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಅಂಥ ಕೋಶಗಳನ್ನು ಮೆದುಳಿಗೆ ಹಾಕಿದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಅದನ್ನು ತೋರಿಸಿ ಸ್ಟ್ರೋಕಿಗೂ, ಸೆರೆಬ್ರಲ್ ಪಾಲ್ಸಿ ಮಕ್ಕಳಿಗೂ, ಆಟಿಸಂಗೂ ಪ್ಯಾಕೇಜು ಮಾರುತ್ತಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ.

ಟ್ರಯಲ್ಲೋ, ವ್ಯಾಪಾರವೋ

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಮಾತು ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿ ಒಪ್ಪಿತ ಚಿಕಿತ್ಸೆ. ಅದರಾಚೆಗೆ ಸ್ಟೆಮ್ ಸೆಲ್ ಕೊಡುವುದಿದ್ದರೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್, ಅಂದರೆ ರೋಗಿಗಳ ಮೇಲೆ ನಡೆಸುವ ಪ್ರಯೋಗದ ಒಳಗೆ ಮಾತ್ರ. ಆ ಟ್ರಯಲ್ಲಿಗೆ ಸೇರಿದವರಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಬೆಂಗಳೂರಿನ ಒಂದು ಕಂಪನಿಯ ಕೋಶ-ಔಷಧಿಗೆ ಕೇಂದ್ರದ ಅನುಮತಿ ಸಿಕ್ಕಿರುವುದು ನಿಜ. ಆದರೆ ಅದು ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಒಂದು ಕಾಯಿಲೆಗೆ, ಮತ್ತೆ ಮಂಡಿ ಸವೆತಕ್ಕೆ. ಬೆನ್ನುಹುರಿಗಲ್ಲ. ಆ ಸುದ್ದಿಯ ಪೇಪರ್ ಕಟಿಂಗನ್ನು ನಿಮ್ಮ ಮುಂದೆ ಹಿಡಿದರೆ ಕಾಯಿಲೆಯ ಹೆಸರು ಓದಿ.

ಕೇಳಬೇಕಾದ್ದು ಇಷ್ಟು: "ನಿಮ್ಮ ಸಿಟಿಆರ್‌ಐ ನಂಬರ್ ಕೊಡಿ." ಅದು ನಮ್ಮ ದೇಶದ ಟ್ರಯಲ್‌ಗಳ ನೋಂದಣಿ ಪುಸ್ತಕ, 2007ರಲ್ಲಿ ಶುರುವಾದದ್ದು. ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ನಂಬರಿನಲ್ಲಿ ವರ್ಷ, ತಿಂಗಳು, ಆಮೇಲೆ ಆರು ಅಂಕಿ ಇರುತ್ತದೆ. ಪುಟ ತೆರೆದರೆ ನನ್ನ ಹಾಗೆ ಲೆಕ್ಕದವರ ಕಣ್ಣಿನಲ್ಲಿ ಓದಿ. ಕಾಯಿಲೆ ಯಾವುದು, ಪೆಟ್ಟಾಗಿ ಎಷ್ಟು ದಿನದೊಳಗಿನವರನ್ನು ಸೇರಿಸುತ್ತಾರೆ, ಯಾವ ಆಸ್ಪತ್ರೆ, ಎಥಿಕ್ಸ್ ಕಮಿಟಿ ಒಪ್ಪಿದೆಯೇ, ಡಿಸಿಜಿಐ (ದೇಶದ ಔಷಧ ನಿಯಂತ್ರಣಾಧಿಕಾರಿ) ಅನುಮತಿಯ ಎದುರು ಏನು ಬರೆದಿದೆ, ಈಗಲೂ ಜನರನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಅಥವಾ ಮುಗಿದ ಟ್ರಯಲ್ಲೇ. ನೋಂದಣಿ ಆಗಿದೆ ಎಂದ ಮಾತ್ರಕ್ಕೆ ಸರ್ಕಾರ ಮೆಚ್ಚಿತು ಅಂತಲ್ಲ, ಲೆಡ್ಜರಿನಲ್ಲಿ ಎಂಟ್ರಿ ಬಿತ್ತು ಅಂತ ಅಷ್ಟೆ. ಆದರೆ ಎಂಟ್ರಿಯೇ ಇಲ್ಲದಿದ್ದರೆ ಮುಂದೆ ಮಾತಾಡುವುದೇ ಬೇಡ.

ಸರಿಯಾದ ಟ್ರಯಲ್ ಆದರೆ ಒಪ್ಪಿಗೆ ಪತ್ರ ಕನ್ನಡದಲ್ಲಿ ಸಿಗಬೇಕು, ಮನೆಗೆ ತಂದು ಓದಲು ಸಮಯ ಕೊಡಬೇಕು. ಟ್ರಯಲ್ಲಿನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ 2019ರ ನಿಯಮಗಳಲ್ಲೇ ಇದೆ. ನಮಗೆ ಕೊಟ್ಟದ್ದು ಇಂಗ್ಲಿಷಿನ ಆರು ಪುಟ. ಸಹಿ ಹಾಕಿಸಿಕೊಂಡದ್ದು ಕ್ಯಾಶ್ ಕೌಂಟರಿನ ಪಕ್ಕದಲ್ಲಿ ನಿಂತು.

ಇನ್ನು ಬಿಲ್ಲಿನ ವಿಷಯ. ಎರಡು ಸಿಟ್ಟಿಂಗ್‌ನ ಬಿಲ್ಲನ್ನೂ ನಾನು ಆಫೀಸಿನ ಮೇಜಿನ ಮೇಲೆ ಹರವಿಕೊಂಡು ಸಾಲು ಸಾಲು ಓದಿದೆ. 'ಪ್ರೊಸೀಜರ್ ಚಾರ್ಜ್', 'ಓಟಿ', 'ಕನ್ಸ್ಯೂಮಬಲ್ಸ್', 'ರೂಮ್', 'ಫಿಸಿಯೋಥೆರಪಿ'. 'ಸ್ಟೆಮ್ ಸೆಲ್' ಎಂಬ ಪದ ಎಲ್ಲೂ ಇಲ್ಲ! ಐದು ಲಕ್ಷದ ಹತ್ತಿರದ ಮಾಲು, ಬಿಲ್ಲಿನಲ್ಲಿ ಮಾಲಿನ ಹೆಸರೇ ಇಲ್ಲ. ನಮ್ಮ ಸೊಸೈಟಿಯಲ್ಲಿ ಮೈಲುತುತ್ತದ ಚೀಲ ಹೀಗೆ ಬಂದಿದ್ದರೆ ಲಾರಿಯಿಂದ ಇಳಿಸುತ್ತಲೂ ಇರಲಿಲ್ಲ. ಅಡ್ವಾನ್ಸ್ ಕಟ್ಟುವ ಮೊದಲೇ ಒಂದು ಮಾತು ಹೇಳಿ ನೋಡಿ: "ಬಿಲ್ಲಿನಲ್ಲಿ ಸ್ಟೆಮ್ ಸೆಲ್ ಅಂತ ಬರೆದು, ಎಷ್ಟು ಕೋಶ, ಅದರಲ್ಲಿ ಜೀವಂತ ಎಷ್ಟು ಶೇಕಡ, ಯಾವ ಲ್ಯಾಬು, ಅದನ್ನೂ ಹಾಕಿ ಕೊಡ್ತೀರಾ?"

ಪಾರ್ಶ್ವವಾಯು ಗುಣಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ತಡೆಯುವ ಕಾನೂನು 1954ರಿಂದಲೇ ಇದೆ. ಮಾಂತ್ರಿಕ ಔಷಧಿಗಳ ಜಾಹೀರಾತಿನ ಕಾಯ್ದೆ ಅದು, ಅದರ ಪಟ್ಟಿಯಲ್ಲಿ ಪಾರ್ಶ್ವವಾಯುವಿನ ಹೆಸರೂ ಇದೆ. ಅಂಗೈಯಲ್ಲಿರುವ ಫೋನಿಗೆ ಅದು ಗೊತ್ತಿದ್ದಂತಿಲ್ಲ.

ನಿಜವಾಗಿ ಎಲ್ಲಿಯವರೆಗೆ ಬಂದಿದೆ

ಆಸೆ ಇಟ್ಟುಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ತಮ್ಮನೇ ನನ್ನ ಜೊತೆ ಮಾತು ಬಿಡುತ್ತಾನೆ.

ಮನುಷ್ಯ ಭ್ರೂಣದ ಸ್ಟೆಮ್ ಸೆಲ್‌ನಿಂದ ಮಾಡಿದ ಕೋಶಗಳನ್ನು ಬೆನ್ನುಹುರಿಗೆ ಹಾಕುವ ಮೊದಲ ಟ್ರಯಲ್ ಅಮೆರಿಕದಲ್ಲಿ 2010ರ ಅಕ್ಟೋಬರಿನಲ್ಲಿ ಶುರುವಾಯಿತು. ಜೆರಾನ್ ಎಂಬ ಕಂಪನಿ ಐದು ಜನಕ್ಕೆ ಹಾಕಿ ಮರುವರ್ಷ ನವೆಂಬರಿನಲ್ಲಿ ಖರ್ಚಿನ ಕಾರಣ ಹೇಳಿ ಕೈಬಿಟ್ಟಿತು. ಆಮೇಲೆ ಬೇರೆ ಕಂಪನಿಗಳು ಮುಂದುವರಿಸಿದವು. ಜಪಾನಿನಲ್ಲಿ 2018ರ ಡಿಸೆಂಬರಿನಲ್ಲಿ ರೋಗಿಯದೇ ಮಜ್ಜೆಯಿಂದ ಬೆಳೆಸಿದ ಕೋಶಗಳಿಗೆ ಷರತ್ತಿನ ಅನುಮತಿ ಕೊಟ್ಟರು. ಆಧಾರ 13 ಜನರ ಟ್ರಯಲ್. ಕೋಶ ಪಡೆಯದವರ ಗುಂಪಿನ ಜೊತೆ ಹೋಲಿಕೆಯೇ ಇಲ್ಲವಲ್ಲ ಎಂದು ಹೊರಗಿನ ವಿಜ್ಞಾನಿಗಳು ತಕರಾರು ಮಾಡಿದರು. ಅಮೆರಿಕದ ಮೇಯೋ ಕ್ಲಿನಿಕ್ 2024ರಲ್ಲಿ ಹತ್ತು ಜನರ ವರದಿ ಕೊಟ್ಟಿತು: ಕೊಬ್ಬಿನಿಂದ ಬೆಳೆಸಿದ ಕೋಶ, ಏಳು ಜನರಿಗೆ ಒಂದು ದರ್ಜೆಯಾದರೂ ಸುಧಾರಣೆ, ಮೂವರಿಗೆ ಇಲ್ಲ. ಅಲ್ಲಿಯೂ ಹೋಲಿಕೆಯ ಗುಂಪಿಲ್ಲ, ಅದು ಸುರಕ್ಷತೆ ನೋಡುವ ಮೊದಲ ಹಂತ. ನಮ್ಮ ಕ್ಲಿನಿಕ್ಕುಗಳು ಈ ಏಳನ್ನು ಹೇಳುತ್ತವೆ, ಉಳಿದದ್ದನ್ನು ಹೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ನೆಚ್ಚಿಕೆ ಹುಟ್ಟಿಸಿದ್ದು ಟೋಕಿಯೋದ ಕೇಯೋ ವಿಶ್ವವಿದ್ಯಾಲಯದ ಕೆಲಸ. ಶಿನ್ಯಾ ಯಮನಾಕಾ ಎಂಬ ವಿಜ್ಞಾನಿ ಬೆಳೆದ ದೇಹದ ಮಾಮೂಲು ಕೋಶವನ್ನೇ ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಮಾಡುವ ದಾರಿಯನ್ನು 2006ರಲ್ಲಿ ತೋರಿಸಿದರು, 2012ರಲ್ಲಿ ನೊಬೆಲ್ ಬಂತು. ಅಂಥ ಕೋಶಗಳಿಂದ ನರದ ಎಳೆಕೋಶ ತಯಾರಿಸಿ, ಹಿದೆಯುಕಿ ಒಕಾನೊ ಅವರ ತಂಡ 2021ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಬೆನ್ನುಹುರಿಗೆ ಹಾಕಿತು. ಸುಮಾರು 20 ಲಕ್ಷ ಕೋಶ, ನೇರವಾಗಿ ಪೆಟ್ಟಾದ ಜಾಗಕ್ಕೆ. ಒಟ್ಟು ನಾಲ್ಕು ಜನ, ಎಲ್ಲರೂ 'ಎ' ದರ್ಜೆಯವರು. 2025ರ ಮಾರ್ಚಿನಲ್ಲಿ ಫಲಿತಾಂಶ ಹೇಳಿದರು. ಒಬ್ಬರು ಆಸರೆಯಿಲ್ಲದೆ ನಿಂತು ನಡೆಯುವ ಅಭ್ಯಾಸ ಶುರುಮಾಡಿದ್ದರು, ಇನ್ನೊಬ್ಬರ ಕೈಕಾಲಿನಲ್ಲಿ ಸ್ವಲ್ಪ ಚಲನೆ ಬಂದಿತ್ತು, ಇಬ್ಬರಿಗೆ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಕೋಶಗಳಿಂದ ಗಂಭೀರ ತೊಂದರೆ ಯಾರಿಗೂ ಆಗಲಿಲ್ಲ. ನಾಲ್ಕೇ ಜನ, ಹಾಗಾಗಿ ಇದೂ ಪುರಾವೆಯಲ್ಲ, ಸುಳಿವು ಎಂದು ಹೊರಗಿನ ವಿಜ್ಞಾನಿಗಳು ಎಚ್ಚರಿಸಿದರು.

ಇಲ್ಲಿ ಒಂದು ಅಂಕಿಯ ಕೆಳಗೆ ಗೆರೆ ಎಳೆಯಿರಿ. ಆ ನಾಲ್ವರಿಗೂ ಕೋಶ ಹಾಕಿದ್ದು ಪೆಟ್ಟಾದ 14ರಿಂದ 28 ದಿನದೊಳಗೆ. ಜಪಾನಿನ ಇನ್ನೊಂದು ಚಿಕಿತ್ಸೆಗೂ 31 ದಿನದೊಳಗೆ ಮಜ್ಜೆ ತೆಗೆಯಬೇಕು. ಗಾಯದ ಗಂಟು ಗಟ್ಟಿಯಾಗುವ ಮುಂಚಿನ ಕಾಲ ಅದು. ನಿಮ್ಮವರಿಗೆ ಪೆಟ್ಟಾಗಿ ಎರಡು ವರ್ಷವಾಗಿದ್ದರೆ, ಈ ಸುದ್ದಿ ತೋರಿಸಿ "ನಮ್ಮಲ್ಲೂ ಅದೇ" ಎನ್ನುವವರಿಗೆ ಕೇಳಿ: ದಿನ ಅದೇಯೋ? ಕೋಶ ಅದೇಯೋ? ಹಾಕುವ ಜಾಗ ಅದೇಯೋ?

"ಗುಣ ಆಗದಿದ್ರೆ ಬಿಡಿ, ನಷ್ಟವೇನು" ಎನ್ನುವ ಮಾತೂ ಇದೆ. ನಮ್ಮ ಸೋದರಮಾವನೂ ಅದನ್ನೇ ಅಂದಿದ್ದರು. ಬೆನ್ನುಹುರಿ ಪೆಟ್ಟಾದ ಅಮೆರಿಕದ ಒಬ್ಬ ಯುವತಿಗೆ ಪೋರ್ಚುಗಲ್ಲಿನಲ್ಲಿ ಮೂಗಿನ ಒಳಪದರದ ಅಂಗಾಂಶವನ್ನು ಬೆನ್ನುಹುರಿಗೆ ಹಾಕಿದ್ದರು. ಎಂಟು ವರ್ಷದ ಮೇಲೆ ಬೆನ್ನುನೋವು ಶುರುವಾಗಿ ತೆರೆದು ನೋಡಿದರೆ ಅಲ್ಲೊಂದು ಗೆಡ್ಡೆ, ಅದರೊಳಗೆ ಮೂಗಿನ ಸಿಂಬಳದಂಥ ಲೋಳೆ. 2014ರಲ್ಲಿ ವೈದ್ಯ ಪತ್ರಿಕೆಯಲ್ಲಿ ಬಂತು. ಮಾಸ್ಕೋದಲ್ಲಿ ಭ್ರೂಣದ ನರದ ಎಳೆಕೋಶ ಹಾಕಿಸಿಕೊಂಡ ಇಸ್ರೇಲಿನ ಹುಡುಗನ ಮೆದುಳು, ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೆದದ್ದು 2009ರಲ್ಲಿ ವರದಿಯಾಯಿತು, ಆ ಗೆಡ್ಡೆಯ ಕೋಶ ದಾನಿಯದ್ದಾಗಿತ್ತು. ಇನ್ನೊಂದು ನಷ್ಟವೂ ಇದೆ: ಬೇರೆಡೆ ಕೋಶ ಹಾಕಿಸಿಕೊಂಡವರನ್ನು ಎಷ್ಟೋ ಸರಿಯಾದ ಟ್ರಯಲ್‌ಗಳು ಸೇರಿಸಿಕೊಳ್ಳುವುದೇ ಇಲ್ಲ. ನಾಳೆ ನಿಜವಾದದ್ದು ಬಂದಾಗ ತಮ್ಮನಿಗೆ ಬಾಗಿಲು ಮುಚ್ಚಿರಬಹುದು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ವಿಡಿಯೋ ನೋಡುವ ಕ್ರಮ

ರೋಗಿ ನಡೆದಾಡುವ ವಿಡಿಯೋವನ್ನು ಕ್ಲಿನಿಕ್ಕಿನವರು ತೋರಿಸಿದರೆ ಮುಖ ನೋಡಬೇಡಿ, ಮಂಡಿ ನೋಡಿ. ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ (ಕಾಲನ್ನು ನೆಟ್ಟಗೆ ಹಿಡಿಯುವ ಕಟ್ಟು) ಇದೆಯೇ? ಪ್ಯಾಂಟು ಹಾಕಿದ್ದರೆ ಮಂಡಿಯ ಹತ್ತಿರ ಬಟ್ಟೆ ಉಬ್ಬಿರುತ್ತದೆ. ಟಿ-12ನಂಥ ಕೆಳಗಿನ ಪೆಟ್ಟಿನವರು ಕ್ಯಾಲಿಪರ್ ಕಟ್ಟಿ, ವಾಕರ್ ಹಿಡಿದು, ತೋಳಿನ ಬಲದಲ್ಲಿ ಸೊಂಟ ಎತ್ತಿ ಎತ್ತಿ ಹೆಜ್ಜೆ ಹಾಕಬಲ್ಲರು, ಸ್ಟೆಮ್ ಸೆಲ್ಲೇ ಬೇಡ. ತಮ್ಮ ವೆಲ್ಲೂರಿನಲ್ಲೇ ಹಾಗೆ ಹತ್ತು ಮೀಟರು ನಡೆದಿದ್ದ. ಕ್ಲಿನಿಕ್ಕಿನವರು ತೋರಿಸಿದ 'ನಡೆದಾಡಿದ ರೋಗಿ'ಯ ವಿಡಿಯೋವನ್ನು ಅವನೇ ನಿಲ್ಲಿಸಿ ತೋರಿಸಿದ: "ಅಕ್ಕಾ, ಇವನ ಮಂಡಿ ಮಡಚ್ತಾನೇ ಇಲ್ಲ ಕಣೇ, ಲಾಕ್ ಹಾಕಿದಾರೆ ನೋಡು." ದುಡ್ಡು ಕಟ್ಟಿ ಒಂದು ತಿಂಗಳಾಗಿತ್ತು ಆಗ.

ದುಡ್ಡು ಎಲ್ಲಿ ಹಾಕುವುದು

ಮೊದಲ ವರ್ಷ ರಿಹ್ಯಾಬ್ ಬಿಟ್ಟು ಕ್ಲಿನಿಕ್ ಸುತ್ತಬೇಡಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ರಿಹ್ಯಾಬ್ ವಿಭಾಗ ಕಟ್ಟಿದ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ತಾವೇ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡುತ್ತಿದ್ದರು. ಅಲ್ಲಿ ಮನೆಯವರೂ ಜೊತೆಗಿದ್ದು ಕಲಿಯಬೇಕು, ನಾನೂ ಕಲಿತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರರೋಗಿಗಳ ರಿಹ್ಯಾಬ್ ವಿಭಾಗವಿದೆ.

ಕಲಿಯಬೇಕಾದ್ದು ಸಿನಿಮಾದ ಹಾಗಿರುವುದಿಲ್ಲ. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಾಲಮೂಳೆ, ಹಿಮ್ಮಡಿ ದಿನಾ ನೋಡುವುದು, ಕೆಂಪು ಬೊಟ್ಟು ಕಂಡರೆ ಅದರ ಮೇಲೆ ಭಾರ ಬೀಳದ ಹಾಗೆ ಮಾಡುವುದು. ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳ್ಳನೆಯ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ರೋಗಿಗೇ ಕಲಿಸಿ, ನಾಚಿಕೆ ಎರಡು ವಾರದಲ್ಲಿ ಹೋಗುತ್ತದೆ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು ಇವೆರಡೇ ಜನರನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಎಳೆಯುವುದು. ಎರಡನೇ ಸಿಟ್ಟಿಂಗ್‌ಗೆ ಹೋಗಿಬರುವಾಗ ಕಾರಿನಲ್ಲಿ ಏಳೆಂಟು ತಾಸು ಒಂದೇ ಸಮ ಕೂತು ತಮ್ಮನಿಗೆ ಹುಣ್ಣಾಯಿತು. ಅಗಲ ಐದು ರೂಪಾಯಿ ನಾಣ್ಯದಷ್ಟು. ಮಾಯಲು ನಾಲ್ಕು ತಿಂಗಳು ಹಿಡಿಯಿತು, ಅಷ್ಟೂ ದಿನ ಬೋರಲು ಮಲಗಿದ್ದ.

ಕಟ್ಟದೆ ಉಳಿದ ಮೂರನೇ ಕಂತಿನಲ್ಲಿ ಅವನ ಅಳತೆಯ ಗಾಲಿಕುರ್ಚಿ, ಒಳ್ಳೆಯ ಕುಶನ್, ಬಚ್ಚಲಿಗೆ ಹಿಡಿಕಂಬಿ, ಅಂಗಳದಿಂದ ಕಣದವರೆಗೆ ಸಿಮೆಂಟಿನ ದಾರಿ ಆಯಿತು. ಈಗ ಸುಗ್ಗಿಯಲ್ಲಿ ಸುಲಿಯುವ ಯಂತ್ರದ ಉಸ್ತುವಾರಿ ಅವನದೇ. ಪಕ್ಕಚಕ್ರದ ಸ್ಕೂಟರಿನಲ್ಲಿ ಪೇಟೆಗೂ ಹೋಗುತ್ತಾನೆ, ಅಡಿಕೆ ಮಂಡಿಯ ರೇಟು ನನಗಿಂತ ಮೊದಲು ಅವನಿಗೆ ಗೊತ್ತಿರುತ್ತದೆ.

ಮನೆಯವರಿಗೆ ಹೇಳುವುದೇ ಕಷ್ಟ. ಮೂರನೆಯದು ಬೇಡ ಅಂದಾಗ ನೆಂಟರು "ಅವಳಿಗೆ ತಮ್ಮನಿಗಿಂತ ದುಡ್ಡು ಹೆಚ್ಚಾಯ್ತು" ಅಂದರು. ನಾನು ವಾದ ಮಾಡಲಿಲ್ಲ. ಮೂರು ಚಾರ್ಟನ್ನೂ ತಮ್ಮನ ಕೈಗೆ ಕೊಟ್ಟೆ. ಅವನು ಕಾಲಿನ ಅಂಕಗಳನ್ನು ಬೆರಳಿಟ್ಟು ಕೂಡಿಸಿದ, ಮೂರು ಸಲ. ಆಮೇಲೆ ಅಮ್ಮನನ್ನು ಕರೆದು ತಾನೇ ಹೇಳಿದ.

ಹೋದ ತಿಂಗಳು ಕೊಪ್ಪದ ಕಡೆಯಿಂದ ಒಬ್ಬ ಹೆಂಗಸು ಫೋನು ಮಾಡಿದ್ದರು. ಗಂಡನಿಗೆ ಬೈಕಿನಿಂದ ಬಿದ್ದು ಕುತ್ತಿಗೆಗೆ ಪೆಟ್ಟು, ಐದು ತಿಂಗಳಾಗಿದೆ, ಸೋಮವಾರ ಅಡ್ವಾನ್ಸ್ ಕಟ್ಟಬೇಕಂತೆ, ಆಮೇಲೆ ರೇಟು ಹೆಚ್ಚಾಗುತ್ತದಂತೆ. ನಾನು ಕಟ್ಟಬೇಡಿ ಅನ್ನಲಿಲ್ಲ. ಸಿಟಿಆರ್‌ಐ ನಂಬರು ಕೇಳಿ, ಬಿಲ್ಲಿನಲ್ಲಿ ಏನು ಬರೀತಾರೆ ಕೇಳಿ, ಇವತ್ತೇ ಒಂದು ಚಾರ್ಟ್ ಮಾಡಿಸಿ ಅಂದೆ. ಅರ್ಧ ಗಂಟೆಗೆ ಮತ್ತೆ ಅವರದೇ ಫೋನು.

"ಅಕ್ಕಾ, ನಂಬರ್ ಕೇಳಿದ್ದಕ್ಕೆ, ನಿಮಗೆ ಇದನ್ನೆಲ್ಲ ಯಾರು ಹೇಳಿಕೊಟ್ರು ಅಂತ ಕೇಳ್ತಿದಾರೆ. ಎಂತ ಹೇಳ್ಲಿ?"